ಹುಟ್ಟುಗುಣ, ಷಡ್ಗುಣ: ಸರದಿಯಾಟಗಳಲ್ಲಿ ರಾಜ್ಯವಿಸ್ತಾರದ ಲೆಕ್ಕ

ಚದುರಂಗದಲ್ಲಿ ಬಿಳಿಯ ಪಡೆಗೂ ಕರಿಯ ಪಡೆಗೂ ಬಣ್ಣದ ಹೊರತು ಭೇದವಿಲ್ಲ. ಆನೆ, ಕುದುರೆ, ಮಂತ್ರಿ, ಪದಾತಿ ಎಲ್ಲವೂ ಸಮಸಮ. ಮೊದಲ ನಡೆ ಯಾರದೆಂಬುದೊಂದೇ ವ್ಯತ್ಯಾಸ. ಹಳ್ಳಿಯ ಜಗಲಿಗಳಲ್ಲಿ, ಹಳೆಯ ಗುಡಿಗಳ ಹಾಸುಗಲ್ಲುಗಳ ಮೇಲೆ ಗೆರೆ ಕೊರೆದು ಆಡುತ್ತಿದ್ದ ಆಡು-ಹುಲಿಯ ನ್ಯಾಯವೇ ಬೇರೆ. ಅದರ ಸಾಮಾನ್ಯ ರೂಪದಲ್ಲಿ ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಆಡು. ಹುಲಿ ಹಾರಿ ಕೊಲ್ಲಬಲ್ಲದು, ಆಡು ಕೊಲ್ಲಲಾರದು. ಆಡುಗಳ ಕಡೆಯವನು ಒಂದೊಂದು ಸರದಿಗೆ ಒಂದೊಂದು ಆಡನ್ನು ಇಳಿಸುತ್ತ ಹೋಗುತ್ತಾನೆ. ಎಲ್ಲವೂ ಇಳಿಯುವ ತನಕ ಯಾವ ಆಡೂ ಕದಲುವಂತಿಲ್ಲ. ಅವನ ಗೆಲುವು ನೆಲ ತುಂಬುವುದರಲ್ಲಿದೆ. ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿದರೆ ಆಟ ಮುಗಿಯಿತು. ಎರಡು ಬಣಗಳಿಗೆ ಎರಡು ಗುಣ. ಆ ಗುಣಕ್ಕೆ ತಕ್ಕಂತೆ ನೆಲವನ್ನು ಹಿಡಿಯುವ ಎರಡು ರೀತಿ.

ಕಂಪ್ಯೂಟರಿನ ಸರದಿಯಾಟಗಳು ಕಳೆದ ಮೂವತ್ತೈದು ವರ್ಷಗಳಲ್ಲಿ ಬೆಳೆದದ್ದು ಈ ಎರಡು ನ್ಯಾಯಗಳ ನಡುವೆ. ಆದರೆ ಅಲ್ಲಿನ ಬಣಗಳು ಹುಲಿ, ಆಡು ಅಲ್ಲ. ರೋಮನರು, ಮಂಗೋಲರು, ಭಾರತೀಯರು. ಮುಂಬೈ, ಪುಣೆ, ಚೆನ್ನೈಗಳಲ್ಲಿರುವ ನಮ್ಮ ಮನೆಗಳ ಎಷ್ಟೋ ಮಕ್ಕಳು ಮೌರ್ಯ, ಚೋಳ ಎಂಬ ಹೆಸರುಗಳನ್ನು ಪಠ್ಯಪುಸ್ತಕಕ್ಕಿಂತ ಮೊದಲು ಈ ಪರದೆಗಳ ಮೇಲೆ ಓದುತ್ತಾರೆ. ಒಂದು ಜನಾಂಗ ಹರಡಿದ್ದೇಕೆ, ಇನ್ನೊಂದು ಹರಡದೆ ಉಳಿದದ್ದೇಕೆ ಎಂಬ ಪ್ರಶ್ನೆಗೆ ಅಲ್ಲಿ ಒಂದು ಸಿದ್ಧ ಉತ್ತರವೂ ಅವರಿಗೆ ದೊರೆಯುತ್ತದೆ: ಅದು ಅವರ ಗುಣ. ಆ ಉತ್ತರ ಹುಟ್ಟಿದ್ದು ಹೇಗೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ. ಸಾಹಿತ್ಯದ ಬಳಗಕ್ಕೆ ಇದು ಹೊರಗಿನ ವಿಷಯವೆಂದು ನಾವು ತಿಳಿದಿಲ್ಲ. ಐತಿಹಾಸಿಕ ಕಾದಂಬರಿ ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಇಂದು ಈ ಆಟಗಳು ಮಾಡುತ್ತಿವೆ.

ಆರಂಭದಲ್ಲಿ ಗುಣವೆಂಬುದು ನೆಲದ್ದಾಗಿತ್ತು. 1980ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ರೂಪಿಸಿದ 'ಸಿವಿಲೈಸೇಷನ್' ಎಂಬ ಹಲಗೆಯಾಟದಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಜನಾಂಗಗಳ ಮುಖ್ಯ ವ್ಯತ್ಯಾಸ ಅವು ಭೂಪಟದ ಯಾವ ಮೂಲೆಯಿಂದ ಹೊರಡುತ್ತವೆ ಎಂಬುದು. 1991ರಲ್ಲಿ ಸಿಡ್ ಮೈಯರ್ ಅದೇ ಹೆಸರಿನ ಕಂಪ್ಯೂಟರ್ ಆಟವನ್ನು ಹೊರತಂದರು. ಅದರಲ್ಲಿದ್ದ 14 ಜನಾಂಗಗಳಲ್ಲಿ ಭಾರತೀಯರೂ ಒಬ್ಬರು, ನಾಯಕ ಗಾಂಧೀಜಿ, ಊರುಗಳು ದೆಹಲಿ, ಬಾಂಬೆ, ಮದ್ರಾಸ್, ಬೆಂಗಳೂರು ಎಂಬ ಕ್ರಮದಲ್ಲಿ. ನಮ್ಮ ಬಳಗದವರು ಚದುರಿ ಬಾಳುತ್ತಿರುವ ಊರುಗಳೇ ಅವು. ಆದರೆ ಆಡುವವನು ಭಾರತವನ್ನು ಆರಿಸಲಿ, ಝುಲು ಜನರನ್ನು ಆರಿಸಲಿ, ಅವನ ಕೈಗೆ ಬರುವ ಸಾಧನಗಳು ಒಂದೇ. ನದಿಯ ದಂಡೆ ಸಿಕ್ಕಿದವನು ಬೆಳೆದ, ಮರಳುಗಾಡು ಸಿಕ್ಕಿದವನು ಸೊರಗಿದ. ಸ್ವಭಾವವೆಂಬುದು ಇದ್ದದ್ದು ಕಂಪ್ಯೂಟರ್ ಆಡಿಸುವ ಎದುರಾಳಿಗಳಿಗೆ ಮಾತ್ರ. ಒಬ್ಬ ಕಲಹಪ್ರಿಯ, ಒಬ್ಬ ಸ್ನೇಹಶೀಲ. ಒಬ್ಬನಿಗೆ ಊರಿನ ಮೇಲೆ ಊರು ಕಟ್ಟುವ ಹಂಬಲ, ಒಬ್ಬನಿಗೆ ಇರುವುದನ್ನೇ ಚೆನ್ನಾಗಿಸುವ ಹಂಬಲ.

ಇಲ್ಲಿ ಗಾಂಧೀಜಿಯ ಅಣುಬಾಂಬಿನ ಕಥೆಯನ್ನು ಕೇಳಿದವರು ಇರಬಹುದು. ಅವರ ಕಲಹದ ಅಂಕೆ 1 ಇತ್ತಂತೆ, ಪ್ರಜಾಪ್ರಭುತ್ವ ಬಂದೊಡನೆ 2 ಕಳೆದು ಸೊನ್ನೆಗಿಂತ ಕೆಳಗಿಳಿದು ಲೆಕ್ಕ ತಿರುಗಿ 255 ಆಯಿತಂತೆ, ಅವರು ಜಗತ್ತಿನ ಮೇಲೆ ಬಾಂಬು ಸುರಿದರಂತೆ! ಸೊಗಸಾದ ಕಥೆ, ಆದರೆ ಕಟ್ಟುಕಥೆ. 2020ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಮೈಯರ್ ಅವರೇ ಅಂಥ ದೋಷ ಆ ಆಟದಲ್ಲಿ ಇರಲಿಲ್ಲವೆಂದು ಹೇಳಿದ್ದಾರೆ. ಕಥೆ ಇಷ್ಟು ಹಬ್ಬಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಜನಾಂಗವೊಂದಕ್ಕೆ ಒಂದೇ ಗುಣ ಅಂಟಿಸಿದಾಗ, ಆ ಗುಣ ಎಲ್ಲಿಯಾದರೂ ಒಡೆಯುವುದನ್ನು ನೋಡುವ ಆಸೆ ಆಡುವವರಲ್ಲಿ ಹುಟ್ಟುತ್ತದೆ.

ಗುಣ ಆಟಗಾರನ ಕೈಗೆ ಬಂದದ್ದು 1993ರಲ್ಲಿ, 'ಮಾಸ್ಟರ್ ಆಫ್ ಓರಾಯನ್' ಎಂಬ ಆಟದ ಮೂಲಕ. ಅನ್ವೇಷಣೆ, ವಿಸ್ತರಣೆ, ಬಳಕೆ, ನಿರ್ಮೂಲನ ಎಂಬ ನಾಲ್ಕು ಕ್ರಿಯೆಗಳನ್ನು ಸೇರಿಸಿ ಈ ಬಗೆಯ ಆಟಗಳಿಗೆ 'ಫೋರ್ ಎಕ್ಸ್' ಎಂದು ಹೆಸರಿಟ್ಟದ್ದೂ ಈ ಆಟದ ಬಗ್ಗೆ ಅಲನ್ ಎಮ್ರಿಕ್ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲೇ. ಈ ನಾಲ್ಕರಲ್ಲಿ ಎರಡನೆಯದೇ ಉಳಿದ ಮೂರಕ್ಕೆ ಬುನಾದಿ: ನೆಲವಿಲ್ಲದೆ ಧಾನ್ಯವಿಲ್ಲ, ಧಾನ್ಯವಿಲ್ಲದೆ ಸೈನ್ಯವಿಲ್ಲ. ಈ ಆಟದಲ್ಲಿ ಗ್ರಹಗಳನ್ನು ಹಂಚಿಕೊಳ್ಳುವ 10 ಕುಲಗಳಿವೆ. ಹಲ್ಲಿಯಂಥ ಸಕ್ರಾ ಕುಲದ ಸಂತಾನ ಉಳಿದವರ ಎರಡರಷ್ಟು ವೇಗದಲ್ಲಿ ಬೆಳೆಯುತ್ತದೆ. ಅವರು ತುಂಬಿ ತುಳುಕಿ ಪಕ್ಕದ ಗ್ರಹಕ್ಕೆ ಹರಿಯುತ್ತಾರೆ. ಶಿಲಾದೇಹದ ಸಿಲಿಕಾಯ್ಡ್ ಕುಲಕ್ಕೆ ಸಂತಾನ ನಿಧಾನ, ಆದರೆ ವಿಷದ ಗ್ರಹ, ಬೆಂಕಿಯ ಗ್ರಹ ಎಂಬ ಭೇದವಿಲ್ಲ. ಇತರರು ಕಾಲಿಡಲಾರದ ಕಡೆ ಮೊದಲ ದಿನದಿಂದಲೇ ನೆಲೆಯೂರುತ್ತಾರೆ. ಒಂದೇ ಆಕಾಶದ ಭೂಪಟ ಇಬ್ಬರಿಗೆ ಎರಡು ಬಗೆಯಾಗಿ ಕಾಣುತ್ತದೆ. ಕಟ್ಟಡದ ದೃಷ್ಟಿಯಿಂದ ಇದು ಬಹಳ ಅಚ್ಚುಕಟ್ಟಾದ ಕಲ್ಪನೆ. ಹಲ್ಲಿಗಳ ಬಗ್ಗೆ ಹೇಳುವಾಗ ಯಾರ ಮನಸ್ಸೂ ನೋಯುವುದಿಲ್ಲ.

1999ರ 'ಆಲ್ಫಾ ಸೆಂಟಾರಿ' ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟಿತು. ಅಲ್ಲಿನ ಏಳು ಬಣಗಳು ರಕ್ತದಿಂದ ಬೇರಾದವಲ್ಲ, ನಂಬಿಕೆಯಿಂದ ಬೇರಾದವು. ಒಂದು ವ್ಯಾಪಾರಿಗಳದು, ಒಂದು ವಿಜ್ಞಾನಿಗಳದು, ಒಂದು ಧರ್ಮನಿಷ್ಠರದು. ಶಾಂತಿಪಾಲಕರ ಬಣಕ್ಕೆ ಪ್ರವೀಣ್ ಲಾಲ್ ಎಂಬ ಭಾರತೀಯ ವೈದ್ಯ ನಾಯಕ. ಅವನ ಊರುಗಳು ಉಳಿದವರ ಮಿತಿಯನ್ನು ಮೀರಿ ಬೆಳೆಯಬಲ್ಲವು, ಆದರೆ ಆಡಳಿತದ ದಕ್ಷತೆ ಕಡಿಮೆ. ರಾಜ್ಯ ಅಗಲವಾದಷ್ಟೂ ಸೋರಿಕೆ ಹೆಚ್ಚು. ವಿಶ್ವಸಂಸ್ಥೆಯ ಬಗ್ಗೆ ಇಷ್ಟು ಮಿತವ್ಯಯದ ವಿಡಂಬನೆಯನ್ನು ನಾವು ಬೇರೆಲ್ಲೂ ಕಂಡಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಆಡಳಿತ, ಅರ್ಥವ್ಯವಸ್ಥೆ, ಮೌಲ್ಯ ಇವುಗಳನ್ನು ಆಟದ ನಡುವೆ ಬದಲಾಯಿಸಿಕೊಳ್ಳುವ ಅವಕಾಶ ಅಲ್ಲಿತ್ತು. ಬಣಕ್ಕೆ ತನ್ನ ನಂಬಿಕೆಗೆ ತೀರ ವಿರುದ್ಧವಾದ ಒಂದು ದಾರಿ ಮಾತ್ರ ಮುಚ್ಚಿರುತ್ತಿತ್ತು: ಲಾಲನು ಪೊಲೀಸ್ ರಾಜ್ಯ ಸ್ಥಾಪಿಸಲಾರ, ವ್ಯಾಪಾರಿ ಮಾರ್ಗನ್ ಯೋಜಿತ ಅರ್ಥವ್ಯವಸ್ಥೆಗೆ ಒಪ್ಪಲಾರ. ಉಳಿದಂತೆ ಗುಣವೆಂಬುದು ಹುಟ್ಟು ಅರ್ಧ, ಆಯ್ಕೆ ಅರ್ಧ. ಈ ಪರಂಪರೆಯ ಅತ್ಯುತ್ತಮ ಕೃತಿ ಇದೇ ಎಂಬುದು ನಮ್ಮ ಅಭಿಪ್ರಾಯ.

ಎರಡು ವರ್ಷಗಳ ನಂತರ ಬಂದ ಮೂರನೆಯ 'ಸಿವಿಲೈಸೇಷನ್' ಈ ಸೂಕ್ಷ್ಮವನ್ನು ಬಿಟ್ಟು, ಹಲ್ಲಿಕುಲಗಳ ನ್ಯಾಯವನ್ನು ನಿಜವಾದ ಜನಾಂಗಗಳಿಗೆ ತಂದು ಹಚ್ಚಿತು. ಯುದ್ಧಶೀಲ, ವಾಣಿಜ್ಯಶೀಲ, ವಿಸ್ತರಣಶೀಲ, ವಿಜ್ಞಾನಶೀಲ, ಧಾರ್ಮಿಕ, ಶ್ರಮಶೀಲ ಎಂಬ ಆರು ಗುಣಗಳು. ಪ್ರತಿ ಜನಾಂಗಕ್ಕೆ ಎರಡು. ಭಾರತಕ್ಕೆ ವಾಣಿಜ್ಯ ಮತ್ತು ಧರ್ಮ. 'ವಿಸ್ತರಣಶೀಲ' ಎಂಬ ಪಟ್ಟ ದೊರೆತದ್ದು ಅಮೆರಿಕನರು, ಇಂಗ್ಲಿಷರು, ರಷ್ಯನರು, ಝುಲುಗಳು ಮತ್ತು ಇರೊಕ್ವಾ ಜನರಿಗೆ. ಉತ್ತರ ಅಮೆರಿಕದಲ್ಲಿ ನೆಲ ಕಳೆದುಕೊಂಡವರೂ ಅದನ್ನು ಪಡೆದುಕೊಂಡವರೂ ಒಂದೇ ಸಾಲಿನಲ್ಲಿ! ಆ ಗುಣದ ಫಲವಾದರೂ ಏನು? ಆಟದ ಆರಂಭದಲ್ಲಿ ಒಬ್ಬ ಬೇಹುಗಾರ ಉಚಿತ, ದಾರಿಯ ಗುಡಿಸಲುಗಳಲ್ಲಿ ಶತ್ರುಗಳ ಬದಲು ಕೊಡುಗೆ. ಭೂಪಟವೆಲ್ಲ ತೆರೆದುಕೊಂಡ ಮೇಲೆ ಅದರಿಂದ ಕವಡೆಯ ಪ್ರಯೋಜನವಿಲ್ಲ.

ವಿಸ್ತರಣೆಯ ನಿಜವಾದ ನಿಯಾಮಕ ಬೇರೆ ಇತ್ತು. ಮೊದಲ ಆಟಗಳಲ್ಲಿ ಗೆಲ್ಲುವ ಸುಲಭೋಪಾಯವೆಂದರೆ ಸಾಧ್ಯವಾದಷ್ಟು ಒತ್ತೊತ್ತಾಗಿ ಪುಟ್ಟ ಊರುಗಳನ್ನು ಕೊನೆಯಿಲ್ಲದೆ ಕಟ್ಟುತ್ತ ಹೋಗುವುದು. ಇದನ್ನು ತಡೆಯುವುದೇ ಮುಂದಿನ ಪ್ರತಿ ಆವೃತ್ತಿಯ ತಲೆನೋವಾಯಿತು. ಮೂರನೆಯ ಆಟದಲ್ಲಿ ದೂರದ ಊರುಗಳ ಆದಾಯವನ್ನು ಭ್ರಷ್ಟಾಚಾರ ನುಂಗಿತು. 2005ರ ನಾಲ್ಕನೆಯದರಲ್ಲಿ ಪ್ರತಿ ಹೊಸ ಊರಿಗೂ ಬೊಕ್ಕಸದಿಂದ ನಿರ್ವಹಣೆಯ ವೆಚ್ಚ ಕಟ್ಟಬೇಕಾಯಿತು. 2010ರ ಐದನೆಯದರಲ್ಲಿ ಹೆಚ್ಚು ಊರುಗಳೆಂದರೆ ಪ್ರಜೆಗಳ ಹೆಚ್ಚು ಅಸಂತೋಷ. ಇಲ್ಲಿಂದ ಮುಂದೆ ಬಣದ ಗುಣವೆಂದರೆ, ಎಲ್ಲರಿಗೂ ಅನ್ವಯಿಸುವ ಈ ಕಟ್ಟಳೆಯಿಂದ ಒಂದು ಬಣಕ್ಕೆ ಮಾತ್ರ ಕೊಟ್ಟ ವಿನಾಯಿತಿ, ಅಥವಾ ಅದರ ಮೇಲೆ ಹೊರಿಸಿದ ಹೆಚ್ಚುವರಿ ತೆರಿಗೆ. ನಾಲ್ಕನೆಯ ಆಟದ ಅಶೋಕನಿಗೆ 'ಸಂಘಟಿತ' ಎಂಬ ಗುಣವಿದ್ದು ರಾಜ್ಯಪದ್ಧತಿಗಳ ವೆಚ್ಚ ಅರ್ಧ. ಆದ್ದರಿಂದ ಅವನು ಅಗಲವಾಗಿ ಹರಡಿ ಬದುಕಬಲ್ಲ.

ಐದನೆಯ ಆಟದ ಭಾರತವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ತಿದ್ದುಪಡಿಗಳಾದ ಮೇಲೆ ಸಾಧಾರಣ ಅಳತೆಯ ಭೂಪಟದಲ್ಲಿ ನಿಂತ ನಿಯಮದಂತೆ, ಒಂದು ಊರಿಗೆ 3 ಅಸಂತೋಷ, ಒಬ್ಬೊಬ್ಬ ಪ್ರಜೆಗೆ 1. ಭಾರತಕ್ಕೆ ಮಾತ್ರ ಊರಿನ ಅಸಂತೋಷ ಇಮ್ಮಡಿ, ಅಂದರೆ 6. ಪ್ರಜೆಯ ಅಸಂತೋಷ ಅರ್ಧ. 4 ಜನಸಂಖ್ಯೆಯ ಊರು ಇತರರಿಗೆ 7ರ ಭಾರವಾದರೆ ಭಾರತಕ್ಕೆ 8. ಊರು 6ಕ್ಕೆ ಬೆಳೆದಾಗ ಇಬ್ಬರಿಗೂ 9. ಅದು 20 ಆದಾಗ ಇತರರಿಗೆ 23, ಭಾರತಕ್ಕೆ 16. ಅಂದರೆ, ಪ್ರತಿ ಊರಿನ ಜನ 6ನ್ನು ದಾಟುವ ತನಕ ಭಾರತದ ಗುಣ ಶಾಪ. ದಾಟಿದ ಮೇಲೆ ವರ. ನೆಲಕ್ಕಾಗಿ ಎಲ್ಲರೂ ಓಡುತ್ತಿರುವ ಆರಂಭದ ಕಾಲದಲ್ಲೇ ಭಾರತ ಕಾಲು ಕಟ್ಟಿಕೊಂಡು ಕೂರಬೇಕು. ಮೂರು ನಾಲ್ಕು ಕಿಕ್ಕಿರಿದ ಊರುಗಳಲ್ಲಿ ಅದು ಸುಖಿ. ಇಪ್ಪತ್ತನೆಯ ಶತಮಾನದ ಮಹಾನಗರಗಳ ಜನಸಂದಣಿಯನ್ನು ನೋಡಿದ ಯಾರೋ ಅದನ್ನು ಕ್ರಿಸ್ತಪೂರ್ವ 4000ದ ಮೊದಲ ಸರದಿಗೇ ಕೊಂಡೊಯ್ದು ಹುಟ್ಟುಗುಣವೆಂದು ಬರೆದಿದ್ದಾರೆ. ಫಲವನ್ನು ಬೀಜವೆಂದು ಕರೆಯುವ ಈ ತಪ್ಪು ಈ ಆಟಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದೇ ಆಟದ ವೆನಿಸ್ ಹೊಸ ಊರನ್ನು ಸ್ಥಾಪಿಸಲೇ ಆಗದ ಬಣ. ಬದಲಿಗೆ ವ್ಯಾಪಾರದ ದಾರಿಗಳು ಇಮ್ಮಡಿ. ಒಂದು ಊರಿನ ರಾಜ್ಯವಾಗಿ ಆಡುವ ಸುಖವೇ ಬೇರೆ, ನಿಜ. ಆದರೂ ವೆನಿಸಿನವರು ಕ್ರೀಟ್ ದ್ವೀಪವನ್ನು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಆಳಿದ್ದರೆಂಬುದನ್ನು ಮರೆಯಲಾಗದು.

ಹೀಗೆ ಬಹುಕಾಲ ಭಾರತವೆಂದರೆ ಮುಖ್ಯವಾಗಿ ಗಾಂಧೀಜಿ. ನಾಲ್ಕನೆಯ ಆಟದಲ್ಲಿ ಪ್ರತಿ ಜನಾಂಗಕ್ಕೂ ಒಂದು ವಿಶೇಷ ಪಡೆಯಿದ್ದರೆ ಭಾರತಕ್ಕೆ ಸಿಕ್ಕಿದ್ದು ಯೋಧನಲ್ಲ, ವೇಗವಾಗಿ ನಡೆಯುವ ಕೂಲಿಯಾಳು. (ಆಡುವವರ ದೃಷ್ಟಿಯಲ್ಲಿ ಅವನು ಬಹಳ ಉಪಯುಕ್ತ.) 2016ರ ಆರನೆಯ ಆಟದಲ್ಲಿ ಗಾಂಧೀಜಿಯ ಗುಣ ಸತ್ಯಾಗ್ರಹ. 2018ರಲ್ಲಿ ಅದಕ್ಕೆ ಪರ್ಯಾಯವಾಗಿ ಚಂದ್ರಗುಪ್ತ ಮೌರ್ಯನನ್ನು ತಂದರು. ಅವನ ಗುಣದ ಹೆಸರು 'ಅರ್ಥಶಾಸ್ತ್ರ'. ಅದರ ಬಲದಿಂದ ಅವನು ಇತರರಿಗಿಂತ ಬೇಗನೆ 'ನೆಲವಿಸ್ತರಣೆಯ ಯುದ್ಧ' ಸಾರಬಹುದು. ಮೊದಲ 10 ಸರದಿಗಳ ಕಾಲ ಸೈನ್ಯದ ನಡಿಗೆಯೂ ಕಸುವೂ ಹೆಚ್ಚುತ್ತವೆ. ಅಹಿಂಸೆಯ ಗೊಂಬೆಯ ಪಕ್ಕದಲ್ಲಿ ಆಕ್ರಮಣದ ಗೊಂಬೆ. ಭಾರತಕ್ಕೆ ಕೊನೆಗೂ ಪೌರುಷ ಬಂತೆಂದು ಸಂತೋಷಪಟ್ಟವರಿದ್ದಾರೆ.

ಕನ್ನಡಿಗರಿಗೆ ಈ ಹೆಸರಿನೊಡನೆ ಹತ್ತಿರದ ನಂಟಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಆ ಗ್ರಂಥವನ್ನು ತೆರೆದವರಿಗೆ ಆಟದ 'ಅರ್ಥಶಾಸ್ತ್ರ' ಬಡಕಲಾಗಿ ಕಾಣುತ್ತದೆ. ವಿಸ್ತರಣೆಯ ಬಗ್ಗೆ ಕೌಟಿಲ್ಯ ನಿಜವಾಗಿ ಮೈಮುರಿದು ಬರೆದದ್ದು ಎರಡನೆಯ ಅಧಿಕರಣದ ಮೊದಲ ಅಧ್ಯಾಯದಲ್ಲಿ, ಜನಪದನಿವೇಶದ ಪ್ರಕರಣದಲ್ಲಿ. ಹೊಸ ನೆಲದಲ್ಲಾಗಲಿ ಪಾಳುಬಿದ್ದ ನೆಲದಲ್ಲಾಗಲಿ ಹಳ್ಳಿ ಕಟ್ಟುವಾಗ 100ಕ್ಕೆ ಕಡಿಮೆಯಿಲ್ಲದ, 500ಕ್ಕೆ ಹೆಚ್ಚಿಲ್ಲದ ಬೇಸಾಯದ ಕುಟುಂಬಗಳಿರಬೇಕು. ಅವರಲ್ಲಿ ಹೆಚ್ಚಿನವರು ಶೂದ್ರ ಕೃಷಿಕರಾಗಿರಬೇಕು. ಎಲ್ಲೆ ಒಂದೆರಡು ಕ್ರೋಶ ದೂರವಿದ್ದು ಹಳ್ಳಿಗಳು ಒಂದಕ್ಕೊಂದು ರಕ್ಷಣೆಯಾಗಬೇಕು. ಬಂಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟು ಊರು ನೆಡುವ ಆಟದ ವಲಸೆಗಾರನಿಗೆ ಇದಕ್ಕಿಂತ ಹತ್ತಿರದ ಶಾಸ್ತ್ರ ಬೇರೆ ಯಾವುದಿದೆ? ಆದರೆ ಅದನ್ನು ಬಿಟ್ಟು ಯುದ್ಧವನ್ನಷ್ಟೇ ಎತ್ತಿಕೊಂಡರು.

ಇನ್ನೂ ಒಂದು ಮಾತಿದೆ. ಕೌಟಿಲ್ಯನಲ್ಲಿಯೂ ಆರು ಗುಣಗಳಿವೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಇವನ್ನೇ ಷಾಡ್ಗುಣ್ಯವೆನ್ನುವುದು. ಆದರೆ ಇಲ್ಲಿ ಗುಣವೆಂದರೆ ಸ್ವಭಾವವಲ್ಲ, ಉಪಾಯ. ರಾಜನು ತಾನು ಕ್ಷಯದಲ್ಲಿದ್ದೇನೆಯೆ, ಸ್ಥಿತಿಯಲ್ಲಿದ್ದೇನೆಯೆ, ವೃದ್ಧಿಯಲ್ಲಿದ್ದೇನೆಯೆ ಎಂಬುದನ್ನೂ ನೆರೆಯವನ ಬಲವನ್ನೂ ತೂಗಿ, ಆರರಲ್ಲಿ ಒಂದನ್ನು ಹಿಡಿಯಬೇಕು. ಕಾಲ ಬದಲಾದಾಗ ಬಿಡಬೇಕು. ದುರ್ಬಲನಾದಾಗ ಸಂಧಿ, ಬಲಿತಾಗ ವಿಗ್ರಹ. ಯಾವ ರಾಜನೂ ಹುಟ್ಟಿನಿಂದ 'ಸಂಧಿಶೀಲ'ನಲ್ಲ. ಮೂರನೆಯ ಆಟದ ಆರು ಗುಣಗಳನ್ನೂ ಈ ಆರು ಗುಣಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ರಾಜನೀತಿಗೆ ಹತ್ತಿರ, ಯಾವುದು ಜಾತಕಕ್ಕೆ ಹತ್ತಿರ ಎಂಬುದು ತಿಳಿಯುತ್ತದೆ. 'ಆಲ್ಫಾ ಸೆಂಟಾರಿ'ಯನ್ನು ನಾವು ಮೆಚ್ಚಿದ್ದೂ ಈ ಕಾರಣಕ್ಕೆ.

ಬಣದ ಗುಣವನ್ನು ಎಷ್ಟು ಸೌಮ್ಯವಾಗಿ ರೂಪಿಸಿದರೂ ತೀರದ ಒಂದು ತೊಡಕು 2018ರ ಆರಂಭದಲ್ಲಿ ಬಯಲಾಯಿತು. ಆರನೆಯ ಆಟಕ್ಕೆ ಕೆನಡಾದ ಕ್ರೀ ಜನರನ್ನೂ ಅವರ ನಾಯಕ ಪೌಂಡ್‌ಮೇಕರನನ್ನೂ ಸೇರಿಸಿದ್ದರು. ಚಿತ್ರಣ ಗೌರವದ್ದೇ. ಕ್ರೀ ಬಣ ಹರಡುವುದು ಕತ್ತಿಯಿಂದಲ್ಲ. ಅದರ ವ್ಯಾಪಾರಿ ತನ್ನ ಊರಿನ ಸಮೀಪದ ಒಡೆಯನಿಲ್ಲದ ನೆಲವನ್ನು ಮೊದಲ ಬಾರಿ ಹಾದುಹೋದಾಗ ಆ ನೆಲ ಕ್ರೀಗಳದಾಗುತ್ತದೆ. ಆದರೂ ಪೌಂಡ್‌ಮೇಕರ್ ಕ್ರೀ ರಾಷ್ಟ್ರದ ಮುಖಂಡರಾದ ಮಿಲ್ಟನ್ ಟೂಟೂಸಿಸ್ ಆಕ್ಷೇಪವೆತ್ತಿದರು. ಇತರರನ್ನು ಗೆದ್ದು ಅವರ ನೆಲ ಪಡೆಯುವುದು ವಸಾಹತುಗಾರರ ಮೌಲ್ಯ. ಅದು ತಮ್ಮ ಹಿರಿಯರದೂ ಆಗಿತ್ತೆಂಬ ಭ್ರಮೆಯನ್ನು ಈ ಆಟ ಬೆಳೆಸುತ್ತದೆ ಎಂಬುದು ಅವರ ಮಾತಿನ ಸಾರ.

ಪೌಂಡ್‌ಮೇಕರ್ ಯಾರೆಂದು ತಿಳಿದರೆ ಆ ನೋವು ಅರ್ಥವಾಗುತ್ತದೆ. 1876ರಲ್ಲಿ ಬ್ರಿಟಿಷ್ ರಾಜಸತ್ತೆಯೊಡನೆ ಆರನೆಯ ಒಪ್ಪಂದದ ಮಾತುಕತೆ ನಡೆದಾಗ ನೆಲವನ್ನು ತುಂಡು ಮಾಡಿ ಕೊಡುವ ಬಗ್ಗೆ ಪ್ರಶ್ನೆ ಎತ್ತಿದವನು ಅವನು. 1885ರಲ್ಲಿ ಕಟ್ ನೈಫ್ ಎಂಬಲ್ಲಿ ಕೆನಡಾದ ಸೈನ್ಯ ತನ್ನ ಜನರ ಮೇಲೆ ಬಿದ್ದು ಸೋತು ಹಿಮ್ಮೆಟ್ಟುವಾಗ, ಬೆನ್ನಟ್ಟಿ ಕೊಲ್ಲದಂತೆ ತನ್ನ ಯೋಧರನ್ನು ತಡೆದ. ಅದಕ್ಕೆ ದೊರೆತ ಪ್ರತಿಫಲ ರಾಜದ್ರೋಹದ ಶಿಕ್ಷೆ. ಸೆರೆಯಿಂದ ಬಂದ ಸ್ವಲ್ಪ ದಿನಗಳಲ್ಲೇ, 1886ರಲ್ಲಿ ತೀರಿಕೊಂಡ. ಕೆನಡಾ ಸರ್ಕಾರ ಅವನನ್ನು ನಿರ್ದೋಷಿಯೆಂದು ಸಾರಿದ್ದು 2019ರ ಮೇ ತಿಂಗಳಲ್ಲಿ, ಆಟ ಬಂದು ಒಂದು ವರ್ಷದ ಮೇಲೆ. ಇಂಥವನನ್ನು ನಾಲ್ಕು ಎಕ್ಸ್‌ಗಳ ಅಂಗಳಕ್ಕೆ ಇಳಿಸಿ, ಕೈಗೆ ವಲಸೆಗಾರರನ್ನು ಕೊಟ್ಟು, ನೆಲ ಹಿಡಿಯೆಂದರೆ ಯಾವ ಸದ್ಗುಣವೂ ಆ ವಿಪರ್ಯಾಸವನ್ನು ತೊಳೆಯಲಾರದು. ಅಂಗಳವೇ ವಿಸ್ತರಣೆಯದು. 'ವಿಸ್ತರಿಸದೆ ಬಾಳುವವರು' ಎಂಬ ಬಣಕ್ಕೆ ಅಲ್ಲಿ ಇರುವ ಹೆಸರು ಸೋತವರು.

ಇದಕ್ಕೂ ಮೊದಲು, ಐದನೆಯ ಆಟಕ್ಕೆ ಪ್ಯೂಬ್ಲೊ ಜನರನ್ನು ಸೇರಿಸಲು ಹೊರಟಿದ್ದ ತಯಾರಕರು ಆ ಜನರ ಹಿರಿಯರು ಒಪ್ಪದ ಕಾರಣ ಕೈಬಿಟ್ಟಿದ್ದರು. ಬದಲಿಗೆ ಬಂದದ್ದು ಶೋಷೋನಿ ಜನ. ಹೊಸ ಊರು ಕಟ್ಟಿದೊಡನೆ ಉಳಿದವರಿಗಿಂತ ಹೆಚ್ಚು ನೆಲ ದಕ್ಕುವುದು ಅವರ ಗುಣ. ಒಣ ಬಯಲುಗಳಲ್ಲಿ ಬೇಟೆಯಾಡಿ, ಬೀಜ ಆಯ್ದು, ಋತುವಿಗೊಂದು ಕಡೆ ಬಾಳಿದ ಜನಕ್ಕೆ ಊರೂ ಬಂತು, ಎಲ್ಲೆಯೂ ಬಂತು.

2025ರ ಏಳನೆಯ ಆಟದಲ್ಲಿ ಗುಣವನ್ನು ಸ್ವಲ್ಪ ಸಡಿಲಿಸಿದ್ದಾರೆ. ನಾಯಕ ಬೇರೆ, ಜನಾಂಗ ಬೇರೆ; ಅಶೋಕ ರೋಮನ್ನು ಆಳಬಹುದು. ಯುಗ ಬದಲಾದಾಗ ಜನಾಂಗವೂ ಬದಲಾಗುತ್ತದೆ. ಭಾರತವೆಂಬ ಒಂದೇ ಮೂಟೆಯನ್ನು ಬಿಚ್ಚಿ ಮೌರ್ಯರು, ಚೋಳರು, ಮೊಘಲರು ಎಂದು ಮೂರು ಯುಗಗಳಿಗೆ ಹಂಚಿದ್ದಾರೆ. ಒಳ್ಳೆಯ ಹೆಜ್ಜೆ. ಇಲ್ಲಿನ ಚೋಳರ ಗುಣ ಕಡಲು, ಹಡಗು, ವ್ಯಾಪಾರ, ರಾಯಭಾರ. ಧಾರವಾಡದ ಸೀಮೆಯ ಹೊಟ್ಟೂರಿನ 1007ರ ಶಾಸನ ಓದಿದವರಿಗೆ ಚೋಳರ ವಿಸ್ತರಣೆಯ ಇನ್ನೊಂದು ಮುಖ ಗೊತ್ತು: 9 ಲಕ್ಷದ ಪಡೆಯೊಡನೆ ರಾಜೇಂದ್ರ ಬಂದು ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದನೆಂದು ಸತ್ಯಾಶ್ರಯನ ಕಾಲದ ಆ ಕಲ್ಲು ಹೇಳುತ್ತದೆ. ಶತ್ರುವಿನ ಬಾಯಿಯ ಮಾತಾದ್ದರಿಂದ ಅಂಕೆಯಲ್ಲಿ ಉತ್ಪ್ರೇಕ್ಷೆ ಸಹಜ. ದಾಳಿ ಮಾತ್ರ ನಿಜ.

ಅದಿರಲಿ, ನಮ್ಮ ಗಮನ ಸೆಳೆದದ್ದು ಬೇರೊಂದು. ಆಟದ ಚೋಳರು ಮಾತ್ರ ಕಟ್ಟಬಹುದಾದ ಎರಡು ಕಟ್ಟಡಗಳಿವೆ, ಮಣಿಗ್ರಾಮಂ ಮತ್ತು ಅಂಜುವಣ್ಣಂ. ಎರಡೂ ಒಂದೇ ಕಡೆ ಸೇರಿದರೆ ಅದಕ್ಕೆ 'ಐನೂರು ಒಡೆಯರು' ಎಂಬ ಹೆಸರು. ಈ ಐನೂರ್ವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂದು; ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಚಾಲುಕ್ಯರ ನಾಡಿನಲ್ಲಿಯೂ ಚೋಳರ ನಾಡಿನಲ್ಲಿಯೂ, ಇಬ್ಬರೂ ಒಬ್ಬರನ್ನೊಬ್ಬರು ಸುಡುತ್ತಿದ್ದ ಅದೇ 11ನೆಯ ಶತಮಾನದಲ್ಲಿ, ಅವರ ಶಾಸನಗಳು ಸಿಗುತ್ತವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ 1088ರ ಅವರ ತಮಿಳು ಶಾಸನವಿದೆ. ಮಣಿಗ್ರಾಮಂ, ಅಂಜುವಣ್ಣಂ ಎಂಬ ಸಂಘಗಳ ಹೆಸರು ಚೋಳರ ಏಳಿಗೆಗೂ ಮೊದಲು, 849ರಲ್ಲಿ, ಕೇರಳದ ಕೊಲ್ಲಂನ ತಾಮ್ರಪಟಗಳಲ್ಲಿ ಬರುತ್ತದೆ. ಅವುಗಳ ಕೊನೆಯಲ್ಲಿ ಅರಬ್ಬೀ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಾಕ್ಷಿಗಳ ರುಜುಗಳಿವೆ. ಆಟದಲ್ಲಿ ಚೋಳರನ್ನು ಆರಿಸಿಕೊಳ್ಳದವನು ಈ ಐನೂರ್ವರನ್ನು ತನ್ನ ಊರಿಗೆ ಕರೆಯಲಾರ.